ಹಳೆಯ ಕಾರಿನ ಬ್ರೇಕ್ ತೊಂದರೆ: ಪಾರ್ಟ್ ಕೊಳ್ಳುವ ಮೊದಲು ಪೆಡಲ್ ಏನು ಹೇಳುತ್ತಿದೆ ನೋಡಿ

ನನ್ನ 1960ರ ದಶಕದ ಕಾರಿಗೆ ಒಂದೇ ವರ್ಷದಲ್ಲಿ ಎರಡು ಸಲ ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ಚಕ್ರಗಳಿಗೆ ಬ್ರೇಕ್ ಆಯಿಲ್ ತಳ್ಳುವ ಸಿಲಿಂಡರ್, ಬದಲಾಯಿಸಿದರು. ಎರಡು ಸಲವೂ ಬಿಲ್ ಕಟ್ಟಿದೆ. ಎರಡು ಸಲವೂ ಕೆಲವೇ ದಿನಗಳಲ್ಲಿ ಎಡಗಡೆಯ ಮುಂದಿನ ಚಕ್ರ ಮತ್ತೆ ಕಾದು ಸುಟ್ಟ ವಾಸನೆ ಬಂತು. ಕೊನೆಗೆ ನೋಡಿದರೆ ತೊಂದರೆ ಇದ್ದದ್ದು ಆ ಚಕ್ರಕ್ಕೆ ಹೋಗುವ ಗೇಣುದ್ದದ ರಬ್ಬರ್ ಹೋಸ್‌ನಲ್ಲಿ. ಮಾಸ್ಟರ್ ಸಿಲಿಂಡರ್ ಕೆಟ್ಟಿದ್ದರೆ ಒಂದೇ ಚಕ್ರ ಯಾಕೆ ಕಾಯಬೇಕು, ಅಲ್ವಾ? ಆ ಸುಳಿವು ಮೊದಲ ದಿನದಿಂದಲೂ ಕಣ್ಣೆದುರೇ ಇತ್ತು. ಗ್ಯಾರೇಜಿನವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಅಂದಿನಿಂದ ನನ್ನದು ಒಂದೇ ನಿಯಮ. ತಪ್ಪು ಎಲ್ಲಿದೆ ಎಂದು ಗೊತ್ತಾಗುವವರೆಗೆ ಒಂದು ಪಾರ್ಟೂ ಕೊಳ್ಳುವುದಿಲ್ಲ. ಈ ಬರಹ ಡ್ರಮ್ ಬ್ರೇಕ್ ಅಥವಾ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ ಹಳೆಯ ಗಾಡಿಗಳಿಗೆ.

ಗಾಡಿ ಮುಟ್ಟುವ ಮೊದಲು

ಹಳೆಯ ಕಾರುಗಳಲ್ಲಿ ಹೆಚ್ಚಿನವು ಒಂದೇ ಸರ್ಕ್ಯೂಟ್‌ನವು. ಮಾಸ್ಟರ್ ಸಿಲಿಂಡರ್‌ನಿಂದ ಹೊರಟ ಒಂದೇ ದಾರಿ ನಾಲ್ಕೂ ಚಕ್ರಕ್ಕೆ ಹೋಗುತ್ತದೆ. ಎಲ್ಲೇ ಒಂದು ಕಡೆ ಪೈಪ್ ಒಡೆದರೂ ನಾಲ್ಕೂ ಬ್ರೇಕ್ ಒಟ್ಟಿಗೆ ಹೋಗುತ್ತವೆ. ಅಮೆರಿಕದಲ್ಲಿ ಎರಡು ಸರ್ಕ್ಯೂಟ್ ಕಡ್ಡಾಯವಾದದ್ದೇ 1968ರಲ್ಲಿ. ಹಾಗಾಗಿ ಹೊಸ ಕಾರಿನಲ್ಲಿ "ನಾಳೆ ನೋಡೋಣ" ಎನ್ನಬಹುದಾದ ಸಣ್ಣ ಸೋರಿಕೆ ಇಲ್ಲಿ ಗಾಡಿ ನಿಲ್ಲಿಸುವಷ್ಟು ದೊಡ್ಡದು.

ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಚಕ್ರಕ್ಕೆ ಅಡ್ಡ ಕೊಡಿ. ಎತ್ತಿದ ಮೇಲೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ.

ಡ್ರಮ್ ಬಿಚ್ಚಿದಾಗ ಕಾಣುವ ಧೂಳನ್ನು ಊದಬೇಡಿ, ಏರ್ ಹೊಡೆಯಬೇಡಿ, ಒಣ ಬ್ರಷ್‌ನಿಂದ ಗುಡಿಸಲೂಬೇಡಿ. ಹಳೆಯ ಲೈನಿಂಗ್‌ಗಳಲ್ಲಿ (ಡ್ರಮ್‌ಗೆ ಉಜ್ಜಿ ಚಕ್ರ ನಿಲ್ಲಿಸುವ ಪದರ) ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ವರ್ಷಗಳ ನಂತರ ಕ್ಯಾನ್ಸರ್ ಬರಬಹುದು. ಕಣ್ಣಿಂದ ನೋಡಿ ಇದೆಯೋ ಇಲ್ಲವೋ ಹೇಳಲು ಆಗುವುದಿಲ್ಲ, ಆದ್ದರಿಂದ ಇದೆ ಎಂದೇ ತಿಳಿಯಿರಿ. ನೀರಿನಿಂದ ಚೆನ್ನಾಗಿ ಒದ್ದೆ ಮಾಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ. ತಕ್ಕ ಮಾಸ್ಕ್ ಇರಲಿ.

ಒಂದು ಪುಸ್ತಕ, ಒಂದು ಪೆನ್ ಹತ್ತಿರ ಇಟ್ಟುಕೊಳ್ಳಿ. ತೊಂದರೆ ತಣ್ಣಗಿದ್ದಾಗಲೋ ಕಾದ ಮೇಲೋ? ಯಾವ ಚಕ್ರ? ಪೆಡಲ್ ಎಷ್ಟು ಕೆಳಗೆ ಹೋಗುತ್ತದೆ? ಎರಡನೇ ಸಲ ಒತ್ತಿದರೆ ಏನಾಗುತ್ತದೆ? ಗ್ಯಾರೇಜ್ ಬಿಲ್ ಇಳಿಸಲು ಇದಕ್ಕಿಂತ ಅಗ್ಗದ ಸಾಧನ ನನಗೆ ಗೊತ್ತಿಲ್ಲ.

ಪೆಡಲ್ ತುಂಬಾ ಕೆಳಗೆ ಹೋಗುತ್ತದೆ

ಮೊದಲು ಬ್ರೇಕ್ ಆಯಿಲ್ ಮಟ್ಟ ನೋಡಿ. ಸರಿಯಿದ್ದರೆ ಪೆಡಲ್ ಅನ್ನು ಎರಡು ಮೂರು ಸಲ ಬೇಗ ಬೇಗ ಒತ್ತಿ, ಕಾಲಿಗೆ ಏನು ಸಿಗುತ್ತದೆ ಗಮನಿಸಿ.

ಕೆಳಗೆ ಹೋಗಿ, ಅಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿ ನಿಂತರೆ ಗಾಳಿ ಇಲ್ಲ. ಶೂಗಳು, ಅಂದರೆ ಲೈನಿಂಗ್ ಹೊತ್ತ ಬಾಗಿದ ತುಂಡುಗಳು, ಡ್ರಮ್‌ನಿಂದ ದೂರ ಹೋಗಿವೆ, ಅಷ್ಟೇ. ಅಡ್ಜಸ್ಟ್ ಮಾಡಬೇಕು. ಹ್ಯಾಂಡ್‌ಬ್ರೇಕ್ ಹಿಂದಿನ ಶೂಗಳ ಮೇಲೇ ಕೆಲಸ ಮಾಡುವ ಗಾಡಿಯಾದರೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಹ್ಯಾಂಡ್‌ಬ್ರೇಕ್ ಬಲವಾಗಿ ಎಳೆದು ಮತ್ತೆ ಪೆಡಲ್ ಒತ್ತಿ. ಪೆಡಲ್ ಈಗ ಮೇಲೆಯೇ ನಿಂತರೆ ಹಿಂದಿನ ಶೂಗಳೇ ಸಡಿಲ.

ಸ್ಪಂಜಿನ ಹಾಗೆ ಮೆತ್ತಗಿದ್ದು, ಒತ್ತಿದಷ್ಟೂ ಮೇಲೆ ಬಂದು ಗಟ್ಟಿಯಾದರೆ ಒಳಗೆ ಗಾಳಿ ಸೇರಿದೆ. ಏರ್ ತೆಗೆಯಬೇಕು. ಹೊಸ ಶೂ ಹಾಕಿದ ಮೇಲೆ ಮೆತ್ತಗಾಗಿದ್ದರೆ ಏರ್ ತೆಗೆಯುವ ಮೊದಲು ಶೂ ಸರಿಯಾಗಿ ಕೂತಿದೆಯೇ ನೋಡಿ. ಶೂವಿನ ಬಾಗು ಡ್ರಮ್‌ನ ಬಾಗಿಗೆ ಹೊಂದದಿದ್ದರೆ ಶೂ ಬಳುಕುತ್ತದೆ, ಕಾಲಿಗೆ ಅದು ಗಾಳಿಯ ಹಾಗೆಯೇ ಅನಿಸುತ್ತದೆ. ಲೀಟರುಗಟ್ಟಲೆ ಆಯಿಲ್ ಸುರಿದು ಏರ್ ತೆಗೆದರೂ ಅದು ಹೋಗುವುದಿಲ್ಲ.

ಅಡ್ಜಸ್ಟ್ ಮಾಡುವ ಕ್ರಮ ಹೀಗೆ. ಚಕ್ರ ಎತ್ತಿ, ಅಡ್ಜಸ್ಟರ್ ತಿರುಗಿಸುತ್ತಾ ಚಕ್ರ ಕಚ್ಚಿಕೊಳ್ಳುವವರೆಗೆ ಬಿಗಿ ಮಾಡಿ. ಪೆಡಲ್ ಒಮ್ಮೆ ಬಲವಾಗಿ ಒತ್ತಿ ಬಿಡಿ, ಶೂಗಳು ನಡುವಿಗೆ ಬರುತ್ತವೆ. ಮತ್ತೆ ಬಿಗಿ ಮಾಡಿ, ಆಮೇಲೆ ಚಕ್ರ ಸಲೀಸಾಗಿ ತಿರುಗುವಷ್ಟು ಮಾತ್ರ ಹಿಂದಕ್ಕೆ ಬಿಡಿ. ಅನೇಕ ಗಾಡಿಗಳ ಮುಂದಿನ ಡ್ರಮ್‌ನಲ್ಲಿ ಎರಡು ಅಡ್ಜಸ್ಟರ್ ಇರುತ್ತವೆ. ಒಂದನ್ನೇ ತಿರುಗಿಸಿ ಮುಗಿಯಿತು ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಜಂಗು ಹಿಡಿದ ಅಡ್ಜಸ್ಟರ್‌ಗೆ ಹಿಂದಿನ ರಾತ್ರಿಯೇ ಜಂಗು ಬಿಡಿಸುವ ಎಣ್ಣೆ ಹಾಕಿಡಿ, ಆದರೆ ಒಂದು ಹನಿಯೂ ಲೈನಿಂಗ್‌ಗೆ ಬೀಳಬಾರದು. ಅದರ ಚೌಕ ತಲೆಗೆ ಸರಿಯಾಗಿ ಕೂರುವ ಸ್ಪ್ಯಾನರ್ ಬೇಕು. ಸಿಕ್ಕ ಇಕ್ಕಳ ಹಾಕಿ ತಿರುಗಿಸಿದರೆ ತಲೆ ಸವೆದು, ಮುಂದಿನ ಬಿಲ್‌ನಲ್ಲಿ ಇಡೀ ಬ್ಯಾಕ್ ಪ್ಲೇಟ್ ಬಿಚ್ಚುವ ಕೂಲಿ ಸೇರುತ್ತದೆ.

ಒತ್ತಿ ಹಿಡಿದರೆ ಪೆಡಲ್ ಮೆಲ್ಲಗೆ ಇಳಿಯುತ್ತದೆ

ಇದು ಕಂಡರೆ ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ. ಗ್ಯಾರೇಜ್‌ವರೆಗೂ ಓಡಿಸಬೇಡಿ, ಇನ್ನೊಂದು ಗಾಡಿಯ ಮೇಲೆ ಹಾಕಿಸಿ ಕಳಿಸಿ.

ಎಂಜಿನ್ ಆಫ್ ಮಾಡಿ ಪೆಡಲ್ ಅನ್ನು ಹದವಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಇಳಿಯುತ್ತಾ ಹೋದರೆ ಎರಡೇ ಕಾರಣ. ಆಯಿಲ್ ಹೊರಗೆ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್‌ನ ರಬ್ಬರ್ ದಾಟಿ ಒಳಗೇ ಹಿಂದಕ್ಕೆ ಹೋಗುತ್ತಿದೆ. ಹೊರಗೆ ಎಲ್ಲೂ ತೇವ ಇಲ್ಲ, ಮಟ್ಟವೂ ಇಳಿದಿಲ್ಲ ಎಂದರೆ ಆಗ ಮಾತ್ರ ಮಾಸ್ಟರ್ ಸಿಲಿಂಡರ್ ಮೇಲೆ ಅನುಮಾನ ಸರಿ.

ಏರ್ ತೆಗೆದ ಮರುದಿನವೇ ಇದು ಶುರುವಾಗುವುದುಂಟು. ಏರ್ ತೆಗೆಯುವಾಗ ಪೆಡಲ್ ಅನ್ನು ಕೊನೆಯವರೆಗೆ ಒತ್ತಿದರೆ, ರಬ್ಬರ್ ವರ್ಷಗಳಿಂದ ಮುಟ್ಟದ ಜಂಗಿನ ಜಾಗಕ್ಕೆ ಹೋಗಿ ಹರಿಯುತ್ತದೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟುಕೊಂಡು ಮುಕ್ಕಾಲು ಪಾಲು ಮಾತ್ರ ಒತ್ತಿದರೆ ಇದು ತಪ್ಪುತ್ತದೆ.

ಬ್ರೇಕ್ ಆಯಿಲ್ ಕಡಿಮೆಯಾಗುತ್ತಿದೆ

ಲೈನಿಂಗ್ ಸವೆದಂತೆ ಮಟ್ಟ ಸ್ವಲ್ಪ ಇಳಿಯುವುದು ಸಹಜ. ವಾರಕ್ಕೊಮ್ಮೆ ಸೇರಿಸಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ. ಪ್ರತಿ ಚಕ್ರದ ಒಳಭಾಗ, ಟೈರಿನ ಒಳಗೋಡೆ, ಹೋಸ್‌ನ ಎರಡೂ ತುದಿ, ಮತ್ತು ಪೆಡಲ್ ಮೇಲುಗಡೆ ಮಾಸ್ಟರ್ ಸಿಲಿಂಡರ್‌ನ ಕಡ್ಡಿ ಬರುವ ಜಾಗ ನೋಡಿ. ಕಾರಿನ ಒಳಗೆ ಕಾರ್ಪೆಟ್ ಅಡಿಗೆ ಸೋರುತ್ತಿದ್ದರೆ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ.

ಹಿಂದಿನ ಚಕ್ರದಲ್ಲಿ ತೇವ ಕಂಡರೆ ಅದು ಬ್ರೇಕ್ ಆಯಿಲೋ ಆಕ್ಸಲ್ ಆಯಿಲೋ ತಿಳಿಯಬೇಕು. ಒಂದು ಹನಿಯನ್ನು ನೀರಿಗೆ ಹಾಕಿ. ಮಾಮೂಲಿ ಬ್ರೇಕ್ ಆಯಿಲ್ ನೀರಲ್ಲಿ ಕರಗುತ್ತದೆ. ಗೇರ್ ಆಯಿಲ್ ತೇಲುತ್ತದೆ, ಗಂಧಕದ ವಾಸನೆಯೂ ಬರುತ್ತದೆ. ಮೊದಲನೆಯದಾದರೆ ವೀಲ್ ಸಿಲಿಂಡರ್ (ಚಕ್ರದೊಳಗೆ ಪಿಸ್ಟನ್‌ನಿಂದ ಶೂಗಳನ್ನು ತಳ್ಳುವ ಸಿಲಿಂಡರ್) ಕೆಲಸ, ಎರಡನೆಯದಾದರೆ ಆಕ್ಸಲ್ ಸೀಲ್ ಕೆಲಸ. ಎರಡರ ಬಿಲ್ ಬೇರೆ ಬೇರೆ. ಯಾವುದೇ ಆದರೂ ನೆನೆದ ಲೈನಿಂಗ್ ಮತ್ತೆ ಬಾರದು. ಪೆಟ್ರೋಲ್‌ನಲ್ಲಿ ತೊಳೆದು, ಸುಟ್ಟು ಮತ್ತೆ ಹಾಕುವವರಿದ್ದಾರೆ. ಒಳಗೆ ಹೀರಿದ ಎಣ್ಣೆ ಕಾದಾಗ ಮತ್ತೆ ಮೇಲೆ ಬರುತ್ತದೆ, ಆಗ ಬ್ರೇಕ್ ಹಿಡಿಯುವುದಿಲ್ಲ.

ಎಲ್ಲೂ ತೇವ ಇಲ್ಲ, ಆದರೂ ಆಯಿಲ್ ಮಾಯವಾಗುತ್ತಿದೆ, ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತಿದೆ ಎಂದರೆ ಬೂಸ್ಟರ್, ಅಂದರೆ ಎಂಜಿನ್‌ನ ವ್ಯಾಕ್ಯೂಮ್‌ನಿಂದ ಕಾಲಿನ ಬಲ ಹೆಚ್ಚಿಸುವ ಸಾಧನ, ನೋಡಿಸಿ. ಹಳೆಯ ಗಾಡಿಗಳಲ್ಲಿ ಪೈಪ್ ನಡುವೆ ಕೂರಿಸಿದ ಬೂಸ್ಟರ್‌ನ ಸೀಲ್ ಹೋದರೆ ಬ್ರೇಕ್ ಆಯಿಲನ್ನು ಎಂಜಿನ್ ಎಳೆದುಕೊಂಡು ಸುಡುತ್ತದೆ.

ಬ್ರೇಕ್ ಹಾಕಿದರೆ ಒಂದು ಕಡೆಗೆ ಎಳೆಯುತ್ತದೆ

ಟೈರ್ ಗಾಳಿ ನೋಡಿ. ನಗಬೇಡಿ, ಎಷ್ಟೋ ಸಲ ಅಷ್ಟೇ ಇರುತ್ತದೆ.

ಗಾಳಿ ಸರಿಯಿದ್ದರೆ ಇದನ್ನು ನೆನಪಿಡಿ: ಗಾಡಿ ಯಾವ ಕಡೆಗೆ ಎಳೆಯುತ್ತದೋ ಆ ಕಡೆಯ ಬ್ರೇಕ್ ಸಾಮಾನ್ಯವಾಗಿ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಬಲಕ್ಕೆ ಎಳೆದರೆ ಎಡಗಡೆಯ ಚಕ್ರ ಬಿಚ್ಚಿ ನೋಡಿ. ಅಲ್ಲಿ ಎಣ್ಣೆ ಹತ್ತಿದ ಲೈನಿಂಗ್, ಜಾಮ್ ಆದ ಪಿಸ್ಟನ್ ಅಥವಾ ಕಟ್ಟಿಕೊಂಡ ಹೋಸ್ ಸಿಗಬಹುದು. ಬ್ರೇಕ್ ಮುಟ್ಟದೆಯೂ ಎಳೆಯುತ್ತಿದ್ದರೆ ಮಾತ್ರ ಎಳೆಯುವ ಕಡೆಯ ಚಕ್ರವೇ ಹಿಡಿದುಕೊಂಡಿರಬಹುದು.

ಇತ್ತೀಚೆಗೆ ಶೂ ಬದಲಾಯಿಸಿದ ಮೇಲೆ ಶುರುವಾಗಿದ್ದರೆ ಶೂಗಳು ಅದಲುಬದಲಾಗಿವೆಯೇ ಕೇಳಿ. ಕೆಲವು ಗಾಡಿಗಳಲ್ಲಿ ಒಂದೇ ಚಕ್ರದ ಎರಡು ಶೂಗಳ ಲೈನಿಂಗ್ ಉದ್ದ ಬೇರೆ ಬೇರೆ ಇರುತ್ತದೆ. ಒಂದು ಚಕ್ರಕ್ಕೆ ಎರಡೂ ಗಿಡ್ಡವು, ಇನ್ನೊಂದಕ್ಕೆ ಎರಡೂ ಉದ್ದದವು ಹಾಕಿದರೆ ಪಾರ್ಟ್ ಎಲ್ಲ ಹೊಸದಾಗಿದ್ದರೂ ಗಾಡಿ ಎಳೆಯುತ್ತದೆ. ಅದಕ್ಕೇ ಬಿಚ್ಚುವ ಮೊದಲು ಫೋಟೋ ತೆಗೆಯಿರಿ, ಒಂದು ಸಲಕ್ಕೆ ಒಂದೇ ಚಕ್ರ ಬಿಚ್ಚಿ.

ಚಕ್ರ ಕಾಯುತ್ತದೆ, ಬ್ರೇಕ್ ಬಿಡುವುದಿಲ್ಲ

ಇಲ್ಲಿ ನಿಧಾನವಾಗಿ ಹೋಗೋಣ. ಸುಮ್ನೆ ಪಾರ್ಟ್ ಬದಲಾಯಿಸಿ ದುಡ್ಡು ಹೋಗುವುದು ಇದರಲ್ಲೇ ಜಾಸ್ತಿ.

ಬ್ರೇಕ್ ಹೆಚ್ಚು ಬಳಸದೆ ಕೆಲವು ಕಿಲೋಮೀಟರ್ ಓಡಿಸಿ, ಗಾಡಿ ತಾನಾಗಿ ನಿಧಾನವಾಗುವಂತೆ ಬಿಟ್ಟು ನಿಲ್ಲಿಸಿ. ಪ್ರತಿ ಚಕ್ರದ ಹತ್ತಿರ ಅಂಗೈಯ ಹಿಂಭಾಗ ಹಿಡಿದು ನೋಡಿ. ಡ್ರಮ್ ಮುಟ್ಟಬೇಡಿ, ಚರ್ಮ ಸುಡುತ್ತದೆ. ನಾಲ್ಕೂ ಕಾದಿವೆಯೇ, ಹಿಂದಿನ ಎರಡು ಮಾತ್ರವೇ, ಒಂದೇ ಒಂದೇ? ಉತ್ತರದಲ್ಲೇ ಅರ್ಧ ರೋಗ ಗೊತ್ತಾಗುತ್ತದೆ.

ಹಿಂದಿನ ಎರಡು ಮಾತ್ರ ಕಾದರೆ ಮೊದಲು ಹ್ಯಾಂಡ್‌ಬ್ರೇಕ್ ಕೇಬಲ್ ನೋಡಿ. ಜಂಗು ಹಿಡಿದಿರಬಹುದು, ಅತಿಯಾಗಿ ಬಿಗಿ ಮಾಡಿರಬಹುದು. ಕೇಬಲ್ ಸಡಿಲಿಸಿದಾಗ ಚಕ್ರ ತಿರುಗಿದರೆ ಬೇರೇನೂ ಬಿಚ್ಚಬೇಡಿ.

ನಾಲ್ಕೂ ಕಾದು, ಓಡಿದಷ್ಟೂ ಪೆಡಲ್ ಮೇಲೆ ಬಂದು ಗಟ್ಟಿಯಾಗುತ್ತಿದ್ದರೆ ಪೆಡಲ್ ಕಡ್ಡಿಯಲ್ಲಿ ಸ್ವಲ್ಪವೂ ಆಟ ಉಳಿದಿಲ್ಲ ಎಂದು ಅರ್ಥ. ಪಿಸ್ಟನ್ ಪೂರ್ತಿ ಹಿಂದಕ್ಕೆ ಬರದಿದ್ದರೆ ಮಾಸ್ಟರ್ ಸಿಲಿಂಡರ್ ಒಳಗಿನ ಸಣ್ಣ ತೂತು ಮುಚ್ಚಿಯೇ ಇರುತ್ತದೆ. ಆಯಿಲ್ ಕಾದು ಹಿಗ್ಗಿದಾಗ ಟ್ಯಾಂಕಿಗೆ ಹಿಂದಿರುಗಲು ದಾರಿ ಇರುವುದಿಲ್ಲ, ಬ್ರೇಕ್ ತಾನಾಗಿ ಹಿಡಿಯುತ್ತದೆ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟು ಆಟ ಕೊಟ್ಟರೆ ಅನೇಕ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಬೇಕಾದದ್ದು ಎರಡು ಸ್ಪ್ಯಾನರ್ ಮಾತ್ರ.

ಒಂದೇ ಚಕ್ರ ಕಾದರೆ ಹೀಗೆ ಮಾಡಿ. ಗಾಡಿಗೆ ಅಡ್ಡ ಕೊಟ್ಟು, ಚಕ್ರ ಎತ್ತಿ ಸ್ಟ್ಯಾಂಡ್ ಇಡಿ. ಪೆಡಲ್ ಒತ್ತಿ ಬಿಡಿ. ಚಕ್ರ ತಿರುಗುವುದಿಲ್ಲ ಅಂದಾಗ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಆ ಚಕ್ರದ ಏರ್ ತೆಗೆಯುವ ನಿಪ್ಪಲ್ ಸ್ವಲ್ಪ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒಳಗೆ ಒತ್ತಡ ಸಿಕ್ಕಿಬಿದ್ದಿತ್ತು. ಚಿಮ್ಮಲಿಲ್ಲ, ಚಕ್ರ ಇನ್ನೂ ಬಿಗಿಯಾಗಿಯೇ ಇದೆ ಎಂದರೆ ಪಿಸ್ಟನ್ ಜಾಮ್, ಶೂ ಜಾಮ್ ಅಥವಾ ಮುರಿದ ಸ್ಪ್ರಿಂಗ್.

ಒತ್ತಡ ಸಿಕ್ಕಿಬಿದ್ದಿದೆ ಎಂದಾದರೆ ಇನ್ನೊಂದು ಹೆಜ್ಜೆ. ನಿಪ್ಪಲ್ ಮುಚ್ಚಿ, ಮತ್ತೆ ಪೆಡಲ್ ಒತ್ತಿ ಬಿಟ್ಟು, ಈ ಸಲ ಹೋಸ್‌ನ ಆಚೆ ತುದಿಯಲ್ಲಿ, ಅಂದರೆ ಲೋಹದ ಪೈಪ್ ಸೇರುವ ಕಡೆ ಸಡಿಲಿಸಿ. ಅಲ್ಲಿ ಸಡಿಲಿಸಿದರೂ ಚಕ್ರ ಬಿಡದಿದ್ದರೆ ತಪ್ಪು ಹೋಸ್‌ದೇ. ಹಳೆಯ ಹೋಸ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತದೆ. ಕಾಲಿನ ಬಲ ಆಯಿಲನ್ನು ಆಚೆಗೆ ತಳ್ಳುತ್ತದೆ, ಹಿಂದಕ್ಕೆ ಬರಲು ಅಷ್ಟು ಬಲ ಇಲ್ಲ. ನನ್ನ ಗಾಡಿಯಲ್ಲಿ ಆದದ್ದು ಇದೇ. ಈ ಎರಡು ಹೆಜ್ಜೆಗೆ ಅರ್ಧ ಗಂಟೆ ಸಾಕು. ಆಮೇಲೆ ಮಟ್ಟ ತುಂಬಿಸಿ ಏರ್ ತೆಗೆಯುವುದು ಕಡ್ಡಾಯ.

ಹೋಸ್ ಬದಲಾಯಿಸುವಾಗ ಥ್ರೆಡ್ ಮೇಲೆ ಕಣ್ಣಿರಲಿ. ಇಂಚಿನ ಲೆಕ್ಕದ 3/8 ಯುಎನ್ಎಫ್ ನಟ್ ಮತ್ತು ಎಂ 10 ಮೆಟ್ರಿಕ್ ನೋಡಲು ಒಂದೇ ಥರ. 3/8 ನಟ್ ಎಂ 10 ತೂತಿನಲ್ಲಿ ಸಡಿಲವಾಗಿ ಹೋಗಿ ಕೂತಂತೆ ಕಾಣುತ್ತದೆ. ಜೋರಾಗಿ ಬ್ರೇಕ್ ಹಾಕಿದ ದಿನ ಕಿತ್ತು ಬರಬಹುದು. ಕೈಯಲ್ಲಿ ತಿರುಗಿಸುವಾಗ ಅಲುಗಾಡಿದರೆ ಆ ಜೋಡಿ ತಪ್ಪು.

ಪೆಡಲ್ ಗಟ್ಟಿ, ಗಾಡಿ ಮಾತ್ರ ನಿಲ್ಲುವುದಿಲ್ಲ

ಬೂಸ್ಟರ್ ಇದ್ದರೆ ಎಂಜಿನ್ ಆಫ್ ಮಾಡಿ ಪೆಡಲ್ ಐದಾರು ಸಲ ಒತ್ತಿ. ಆಮೇಲೆ ಒತ್ತಿ ಹಿಡಿದೇ ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಮೊದಲು ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿದೆಯೇ ನೋಡಿ, ಬೂಸ್ಟರ್ ಆಮೇಲೆ.

ಬೂಸ್ಟರ್ ಇಲ್ಲದ ಗಾಡಿಯಲ್ಲಿ ಹೊಳಪು ಬಂದ ಲೈನಿಂಗ್, ಎಣ್ಣೆ ಹತ್ತಿದ ಲೈನಿಂಗ್ ಅಥವಾ ಅಲುಗದ ಪಿಸ್ಟನ್. ಇಳಿಜಾರಿನಲ್ಲಿ ಬಹಳ ಹೊತ್ತು ಬ್ರೇಕ್ ಹಿಡಿದ ಮೇಲೆ ಮಾತ್ರ ಹೀಗಾದರೆ ಡ್ರಮ್ ಅತಿಯಾಗಿ ಕಾದಿದೆ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ತಣ್ಣಗಾಗಲು ಬಿಡಿ, ನೀರು ಹಾಕಬೇಡಿ.

ಸದ್ದು, ನಡುಕ, ಬಹಳ ದಿನ ನಿಂತ ಗಾಡಿ

ಕಿರ್ ಎಂದರೆ ಹೆಚ್ಚಾಗಿ ಧೂಳು. ಲೋಹಕ್ಕೆ ಲೋಹ ಉಜ್ಜುವ ಸದ್ದು ಬಂದರೆ ಲೈನಿಂಗ್ ಮುಗಿದು ರಿವೆಟ್ ಡ್ರಮ್ ಕೊರೆಯುತ್ತಿರಬಹುದು, ಓಡಿಸುವುದು ನಿಲ್ಲಿಸಿ. ಬ್ರೇಕ್ ಹಾಕಿದಾಗ ಪೆಡಲ್ ಮಿಡಿದರೆ ಡ್ರಮ್ ದುಂಡಗೆ ಉಳಿದಿಲ್ಲ ಅಥವಾ ಡಿಸ್ಕ್ ಓರೆಯಾಗಿದೆ. ಅಳತೆ ತೆಗೆಯದೆ ಯಾರೂ ಅದನ್ನು ಖಚಿತವಾಗಿ ಹೇಳಲಾರರು.

ತಿಂಗಳುಗಟ್ಟಲೆ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದು ಬಿಡಬೇಡಿ, ಶೂ ಡ್ರಮ್‌ಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕೊಡಿ.

ಯಾವ ಆಯಿಲ್?

ಬ್ರೇಕ್ ಆಯಿಲ್ ಡಬ್ಬಿಯ ಮೇಲೆ ಬರೆದಿರುವ ದರ್ಜೆಗಳಲ್ಲಿ ಡಾಟ್ 3, ಡಾಟ್ 4, ಡಾಟ್ 5.1 ಒಂದೇ ಜಾತಿಯವು. ಡಾಟ್ 5 ಸಿಲಿಕೋನ್, ಅದನ್ನು ಇವುಗಳ ಜೊತೆ ಬೆರೆಸಬಾರದು. ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಗಾಳಿಯಿಂದ ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಎಂಜಿನ್ ಆಯಿಲ್, ಗೇರ್ ಆಯಿಲ್ ಒಂದು ಚಮಚ ಬಿದ್ದರೂ ಬ್ರೇಕಿನ ರಬ್ಬರ್‌ಗಳು ಊದಿ ಕೆಡುತ್ತವೆ. ಇದಕ್ಕೆ ವಿರುದ್ಧವಾಗಿ, ಸಿಟ್ರೊಯೆನ್‌ನ ಹಸಿರು ಎಲ್‌ಎಚ್‌ಎಂ ಆಯಿಲ್ (ಇದು ಖನಿಜ ಎಣ್ಣೆ) ಬಳಸುವ ಮಾಡೆಲ್‌ಗಳಿಗೆ ಡಾಟ್ ಆಯಿಲ್ ಹಾಕುವಂತಿಲ್ಲ. ಬ್ರೇಕ್ ಆಯಿಲ್ ಪೇಂಟ್ ತಿನ್ನುತ್ತದೆ, ಬಿದ್ದ ಕೂಡಲೇ ನೀರು ಹಾಕಿ ತೊಳೆಯಿರಿ.

ಗ್ಯಾರೇಜಿಗೆ ಹೋದಾಗ, ಬಿಲ್ ಬಂದಾಗ

"ಮಾಸ್ಟರ್ ಸಿಲಿಂಡರ್ ಹಾಕಿ" ಎಂದು ಹೇಳಬೇಡಿ. ಹಾಕುತ್ತಾರೆ. ತೊಂದರೆ ಹೋಗದಿದ್ದರೆ "ನೀವೇ ಹೇಳಿದಿರಿ" ಎನ್ನುವ ಹಕ್ಕು ಅವರಿಗಿದೆ. "ಹತ್ತು ಕಿಲೋಮೀಟರ್ ಆದ ಮೇಲೆ ಎಡಗಡೆ ಮುಂದಿನ ಚಕ್ರ ಕಾಯುತ್ತದೆ, ನಿಪ್ಪಲ್ ಸಡಿಲಿಸಿದರೆ ಬಿಡುತ್ತದೆ" ಎಂದು ಹೇಳಿ. ಒಳ್ಳೆಯ ಮೆಕ್ಯಾನಿಕ್‌ಗೆ ಇಂಥ ಮಾತು ಇಷ್ಟವಾಗುತ್ತದೆ.

ಮೊದಲು ಪತ್ತೆ ಹಚ್ಚುವ ಕೆಲಸಕ್ಕೆ ಮಾತ್ರ ಒಪ್ಪಿ, ಅದಕ್ಕೆ ಕೂಲಿ ಕೊಡಿ. ಏನು ಸಿಕ್ಕಿತು, ಏನು ಬದಲಾಯಿಸಬೇಕು, ಎಷ್ಟಾಗಬಹುದು ಎಂದು ಬರೆದು ಕೊಡಲಿ. ಅದಕ್ಕಿಂತ ಜಾಸ್ತಿ ಆಗುವುದಾದರೆ ಮುಂಚೆ ಫೋನ್ ಮಾಡಲಿ. ಬಿಚ್ಚಿದ ಪಾರ್ಟ್ ಎಲ್ಲ ನಿಮಗೇ ವಾಪಸ್ ಬೇಕು ಎಂದು ಮೊದಲ ದಿನವೇ ಹೇಳಿ. ಕೊನೆಗೆ ಹೇಳಿದರೆ ಅವು ಕಸಕ್ಕೆ ಹೋಗಿರುತ್ತವೆ. ಹಳೆಯ ಗಾಡಿಯಲ್ಲಿ ಇದು ಬರೀ ಲೆಕ್ಕಕ್ಕಲ್ಲ. ಮೂಲ ಶೂಗೆ ಹೊಸ ಲೈನಿಂಗ್ ಹಾಕಿಸಬಹುದು, ಮೂಲ ಸಿಲಿಂಡರ್‌ಗೆ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಲೀವ್ ಹಾಕಿಸಬಹುದು. ಹೊಸದು ಸಿಗದ ದಿನ ಆ ತುಕ್ಕು ಹಿಡಿದ ತುಂಡೇ ಆಸರೆ.

ಬಿಲ್‌ನಲ್ಲಿ ಕೂಲಿ ಪಾರ್ಟ್‌ಗಿಂತ ಹೆಚ್ಚಿದ್ದರೆ ತಕ್ಷಣ ಬೇಸರ ಬೇಡ. ನಲವತ್ತು ವರ್ಷ ಅಲುಗದ ನಟ್ ಬಿಚ್ಚುವಾಗ ಪೈಪ್ ತಿರುಚಿಕೊಳ್ಳುತ್ತದೆ, ನಿಪ್ಪಲ್ ಮುರಿಯುತ್ತದೆ. ಅದು ಮೆಕ್ಯಾನಿಕ್ ತಪ್ಪಲ್ಲ. ಒಂದು ಚಕ್ರದ ಶೂ ಕೆಟ್ಟರೆ ಎದುರು ಚಕ್ರದ್ದೂ ಬದಲಾಯಿಸುವುದು ಸರಿ, ಇಲ್ಲದಿದ್ದರೆ ಗಾಡಿ ಎಳೆಯುತ್ತದೆ. ಒಂದು ವೀಲ್ ಸಿಲಿಂಡರ್ ಸೋರಿದರೆ ಅದೇ ವಯಸ್ಸಿನ ಜೋಡಿಯನ್ನೂ ಬದಲಾಯಿಸಿ ಎಂದರೆ ಒಪ್ಪಿಕೊಳ್ಳಿ.

ಕೇಳಬೇಕಾದ ಸಾಲುಗಳು ಬೇರೆ. ಡ್ರಮ್ ಲೇತ್‌ಗೆ ಹಾಕಿದ್ದರೆ ಮೊದಲು ಮತ್ತು ನಂತರದ ಅಳತೆ ಎಷ್ಟು, ಗಾಡಿಯ ಕೈಪಿಡಿಯ ಮಿತಿಯೊಳಗೆ ಇದೆಯೇ? ಬರೀ "ಬ್ರೇಕ್ ಕೆಲಸ" ಎಂದು ಒಂದೇ ಸಾಲಿದ್ದರೆ ಬಿಡಿಸಿ ಬರೆಸಿ. "ಹಳೆಯ ಸ್ಟಾಕ್, ಡಬ್ಬಿ ತೆರೆದೇ ಇಲ್ಲ" ಎಂಬ ರಬ್ಬರ್ ಪಾರ್ಟ್‌ಗೆ ಹೆಚ್ಚು ದುಡ್ಡು ಹಾಕಿದ್ದರೆ ಬೇಡ ಅನ್ನಿ. ರಬ್ಬರ್‌ಗೆ ಡಬ್ಬಿಯೊಳಗೂ ವಯಸ್ಸಾಗುತ್ತದೆ.

ಅದೇ ತೊಂದರೆ ಮರಳಿ ಬಂದರೆ ಜಗಳಕ್ಕೆ ಹೋಗುವ ಮೊದಲು ಗಾಡಿಯನ್ನು ಬಿಚ್ಚದೆ ಹಾಗೆಯೇ ಇಡಿ. ಮತ್ತೊಬ್ಬ ಮೆಕ್ಯಾನಿಕ್ ನೋಡಿ, ಕಂಡದ್ದನ್ನು ಬರೆದು ಕೊಡಲಿ. ಆ ಕಾಗದ, ಹಳೆಯ ಪಾರ್ಟ್, ನಿಮ್ಮ ಪುಸ್ತಕ ಮೂರನ್ನೂ ಹಿಡಿದು ಮೊದಲಿನ ಗ್ಯಾರೇಜಿಗೆ ಹೋಗಿ. ನನ್ನ ಎರಡನೇ ಮಾಸ್ಟರ್ ಸಿಲಿಂಡರ್‌ನ ಕೂಲಿ ವಾಪಸ್ ಬಂದದ್ದು ಹೀಗೆ. ಧ್ವನಿ ಏರಿಸಬೇಕಾಗಲಿಲ್ಲ, ಕತ್ತರಿಸಿದ ಹೋಸ್ ಮೇಜಿನ ಮೇಲೆ ಇಟ್ಟೆ.

ಗಾಡಿ ವಾಪಸ್ ತರುವ ದಿನ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಪೆಡಲ್ ಒತ್ತಿ ಒಂದು ನಿಮಿಷ ಹಿಡಿಯಿರಿ. ಚಕ್ರದ ನಟ್‌ಗಳನ್ನು ನೀವೇ ಒಮ್ಮೆ ಬಿಗಿ ನೋಡಿ. ಗೇಟು ದಾಟುವ ಮೊದಲು ನಡಿಗೆಯ ವೇಗದಲ್ಲಿ ಮೂರು ಸಲ ನಿಲ್ಲಿಸಿ ನೋಡಿ. ಹೊಸ ಲೈನಿಂಗ್ ಹೊಂದಿಕೊಳ್ಳುವವರೆಗೆ ಮುಂದಿನ ಗಾಡಿಯಿಂದ ಮಾಮೂಲಿಗಿಂತ ಹೆಚ್ಚು ದೂರ ಇರಲಿ. ಮನೆಗೆ ಬಂದ ಕೂಡಲೇ ನಾಲ್ಕೂ ಚಕ್ರದ ಬಿಸಿ ನೋಡಿ, ಪುಸ್ತಕದಲ್ಲಿ ಬರೆಯಿರಿ. ಮರುದಿನ ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಆಯಿಲ್ ಮಟ್ಟ ಇನ್ನೊಮ್ಮೆ ನೋಡಿ.